ಅವ್ವ ಮಣ್ಣಿಗೆ ಹೋದ ದಿನ

ನಾವಿರುವ ಟಾಲಾ ಎಂಬ ಊರಿನ ಹೆಸರಿಗೆ ಏನರ್ಥ ಎಂದು ಅವ್ವನಿಗೆ ಯಾವ ಕಾರಣಕ್ಕೂ ಹೇಳಕೂಡದು ಎಂದು ನನ್ನ ಗಂಡ ತಾಕೀತು ಮಾಡಿದ್ದ. ಡಬ್ಲಿನ್ನಿನ ಈ ಅಂಚಿನಲ್ಲಿ ದೊಡ್ಡ ಆಸ್ಪತ್ರೆಯಿದೆ, ಶಾಪಿಂಗ್ ಸೆಂಟರ್ ಇದೆ, ಪೇಟೆಗೆ ಹೋಗುವ ಟ್ರಾಮ್ ಇದೆ, ಒಂದಕ್ಕೊಂದು ಬೆನ್ನು ಹಚ್ಚಿ ನಿಂತ ಸಾವಿರಾರು ಮನೆಗಳಿವೆ. ಇಷ್ಟೆಲ್ಲ ಇರುವ ಊರಿಗೆ ಐರಿಷ್ ಭಾಷೆಯಲ್ಲಿರುವ ಹಳೆಯ ಹೆಸರಿನ ಅರ್ಥ ಮಾತ್ರ ಪಿಡುಗಿನಲ್ಲಿ ಸತ್ತವರನ್ನು ಹೂತ ಜಾಗ ಎಂದು. ಕೊರೊನಾದ ಎರಡನೇ ಅಲೆ ನಮ್ಮ ನಾಡನ್ನು ಮುಳುಗಿಸುತ್ತಿದ್ದ ಆ ದಿನಗಳಲ್ಲಿ ಗಂಡನ ಮಾತು ಸರಿಯಾಗಿಯೇ ಇತ್ತು. ಆದರೆ ನನಗೆ ಸಿಟ್ಟು ಬಂದರೆ ಬಾಯಿ ನನ್ನ ಮಾತು ಕೇಳುವುದಿಲ್ಲ.

ಅವ್ವ ಇಲ್ಲಿಗೆ ಬಂದದ್ದು ನನ್ನ ಬಾಣಂತನಕ್ಕೆ. ಗಂಗಾವತಿ ಹತ್ತಿರದ ಹಳ್ಳಿಯಿಂದ ಅಂಟಿನುಂಡಿ, ಬಜೆ, ಕೂಸಿಗೆ ಕುಲಾವಿ ಎಲ್ಲ ಹೊತ್ತು ಬಂದಳು. ಮಗಳು ಹುಟ್ಟಿದಳು, ಅವಳ ಹಿಂದೆಯೇ ಲಾಕ್‌ಡೌನ್ ಬಂತು. ನಡುವೆ ವಿಮಾನ ಸಿಗುತ್ತಿದ್ದ ಕೆಲವು ತಿಂಗಳಲ್ಲಿ ಅವ್ವ ಹೋಗಬಹುದಿತ್ತು. ಆದರೆ ನಾನು ಕೆಲಸಕ್ಕೆ ಮರಳಬೇಕಿತ್ತು, ಮಗುವನ್ನು ಬಿಡಲು ಜಾಗವಿರಲಿಲ್ಲ, ಕೂಸು ಹೆಜ್ಜೆ ಇಡುವತನಕ ಇರುತ್ತೇನೆ ಎಂದು ಆಕೆಯೇ ಹಟ ಹಿಡಿದು ಉಳಿದಳು. ಹೆಜ್ಜೆ ಇಟ್ಟ ಕೂಸು ಮನೆ ತುಂಬ ಓಡತೊಡಗಿದ ಹೊತ್ತಿಗೆ ಮತ್ತೆ ವಿಮಾನಗಳು ನಿಂತಿದ್ದವು.

ನನ್ನ ಕೆಲಸ ಅಗೆಯುವುದು. ಧಾರವಾಡದಲ್ಲಿ ಪುರಾತತ್ವ ಓದಿದವಳು ಇಲ್ಲಿ ಒಂದು ಸಣ್ಣ ಉತ್ಖನನ ಕಂಪನಿ ಸೇರಿದ್ದೇನೆ. ಈ ದೇಶದಲ್ಲಿ ರಸ್ತೆಗೋ ಪೈಪಿಗೋ ನೆಲ ತೋಡುವ ಮೊದಲು ನಮ್ಮಂಥವರು ಹೋಗಿ, ಒಳಗೆ ಹಳೆಯ ಕಾಲದವರು ಯಾರಾದರೂ ಇದ್ದಾರೆಯೇ ಎಂದು ನೋಡಬೇಕು. ಎಂ.ಎ. ಮಾಡಿ ಗೌಂಡಿಯ ಕರಣೆ ಹಿಡಿದು ಮಣ್ಣು ಕೆರೆಯುವ ಮಗಳ ಬಗ್ಗೆ ಬೀಗರಿಗೆ ಏನು ಹೇಳಬೇಕು ಎಂಬುದು ಅವ್ವನ ಹಳೆಯ ಗೋಳು. ಆದರೆ ನನಗೆ ಈ ಹುಚ್ಚು ಹಿಡಿಸಿದವಳು ಆಕೆಯೇ. ನಮ್ಮ ಕಡೆ ಮೋರ್ಯರ ಗುಡ್ಡ ಇದೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ, ಸಾವಿರಾರು ವರ್ಷ ಹಳೆಯ ಪುಟ್ಟ ಕಲ್ಲುಮನೆಗಳು ಗುಡ್ಡದ ತುಂಬ ಇವೆ. ಗೇಣುದ್ದದ ಮೋರ್ಯರು ಎಂಬ ಜನ ಬೆಂಕಿಯ ಮಳೆಗೆ ಹೆದರಿ ಅವನ್ನು ಕಟ್ಟಿಕೊಂಡರು, ಮಳೆ ಬಂದೇಬಿಟ್ಟಾಗ ಅವುಗಳೊಳಗೇ ಸತ್ತರು ಎಂದು ಅವ್ವ ಹೇಳುತ್ತಿದ್ದಳು. ಆಕೆ ಮತ್ತು ಆಕೆಯ ತಂಗಿ, ನನ್ನ ಚಿಕ್ಕವ್ವ, ಸಣ್ಣವರಿದ್ದಾಗ ಅಲ್ಲಿ ಆಡು ಮೇಯಿಸಿದವರು. ಬಿಸಿಲು ಏರಿದಾಗ ಒಂದು ಮೋರ್ಯರ ಮನೆಯೊಳಗೆ ತೂರಿ ಚುರುಮುರಿ ತಿನ್ನುತ್ತಿದ್ದರು.

ಆ ಚಿಕ್ಕವ್ವ ಸತ್ತ ಸುದ್ದಿ ಮೇ ತಿಂಗಳ ಒಂದು ಬೆಳಿಗ್ಗೆ ಬಂತು. ಫೋನ್ ಮಾಡಿದ್ದು ಚಿಕ್ಕವ್ವನ ಮಗಳು, ನನ್ನ ತಂಗಿ. ಅವಳಿಗೂ ಸೋಂಕು ತಗುಲಿ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಚಿಕ್ಕವ್ವನನ್ನು ಆಸ್ಪತ್ರೆಯಿಂದ ನೇರವಾಗಿ ಊರಾಚೆಯ ಸರ್ಕಾರಿ ಜಾಗಕ್ಕೆ ಒಯ್ದು ಹೂತಿದ್ದರು. ಬಿಳಿ ಸೂಟು ತೊಟ್ಟ ಯಾರೋ ಹುಡುಗರು, ಅಷ್ಟೇ. ನಮ್ಮವರು ಎಂಬ ಒಂದು ನರಪಿಳ್ಳೆ ಅಲ್ಲಿರಲಿಲ್ಲ.

ನಮ್ಮ ಕಡೆಯವರಿಗೆ ಇದೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಗೆ ಹೋಗದಿದ್ದರೆ ಮುನಿಸು ಆಗುತ್ತದೆ, ಮುನಿಸು ಇಳಿಯುತ್ತದೆ. ಮಣ್ಣಿಗೆ ಹೋಗದಿದ್ದರೆ ಮುಗಿಯಿತು. ಎಷ್ಟೇ ಜಗಳವಿರಲಿ, ಬಸ್ಸು ಸಿಗದಿದ್ದರೆ ಟ್ರ್ಯಾಕ್ಟರ್ ಹತ್ತಿಯಾದರೂ ಹೋಗಿ ಹಿಡಿ ಮಣ್ಣು ಹಾಕಿ ಬರುತ್ತಾರೆ. ಮಣ್ಣಾಗುವತನಕ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಹಾಕಿ ಬಂದ ಮೇಲೆ ತಲೆಗೆ ನೀರು, ಆಮೇಲೆ ಊಟ. ಅವ್ವನಿಗೆ ಇನ್ನೊಂದು ಸಂಕಟವೂ ಇತ್ತು. ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. ಚಿಕ್ಕವ್ವನನ್ನು ಚೀಲದಲ್ಲಿ ಸುತ್ತಿ ಮಲಗಿಸಿಬಿಟ್ಟಿದ್ದರು.

ಅವ್ವ ಅಳಲಿಲ್ಲ. ಆ ಹುಡುಗರನ್ನು ಬೈದಳು. ಯಾವ ಜನ್ಮದ ವೈರಿಗಳೋ, ಹಗ್ಗದಲ್ಲಿ ಮೂಟೆ ಇಳಿಸಿದಂತೆ ಇಳಿಸಿದರಂತೆ, ಅವರ ಕೈ ಸೇದಿಹೋಗಲಿ ಎಂದು ಶಾಪ ಹಾಕಿದಳು. ಬಾಯಿ ಸೋತ ಮೇಲೆ ನನ್ನನ್ನು ಕರೆದು, ಮುಖ ಗಂಟು ಹಾಕಿಕೊಂಡೇ ಹೇಳಿದಳು:

“ನನ್ನ ಕೈಯಿಂದ ಮಣ್ಣು ಬೀಳೋತನಕ ಒಲೀ ಮ್ಯಾಲಿಂದ ಇಳಿದದ್ದು ನಾ ಮುಟ್ಟಂಗಿಲ್ಲ.”

ಅವ್ವನಿಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗಿ ಊಟ ಬಿಟ್ಟರೆ ಏನಾಗುತ್ತದೆ ಎಂದು ನನಗೂ ಗೊತ್ತು, ಆಕೆಗೂ ಗೊತ್ತು. ಬಾಳೆಹಣ್ಣು, ತಣ್ಣನೆಯ ಹಾಲು, ನೆನೆಸಿದ ಅವಲಕ್ಕಿ, ಅದೂ ಎರಡು ತುತ್ತು. ಗಂಡ ಹೊತ್ತುಹೊತ್ತಿಗೆ ಆಕೆಯ ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದ. ಒಮ್ಮೆ ಪಾತ್ರೆ ತೊಳೆಯುತ್ತಿದ್ದವಳು ಬೆವರಿ, ಕಣ್ಣು ಮಂಜಾಗಿ, ಸಿಂಕ್ ಹಿಡಿದುಕೊಂಡು ನಿಂತಳು. ಸಕ್ಕರೆ ಇಳಿದು ಬಿದ್ದರೆ ಕೋವಿಡ್ ತುಂಬಿದ ಆ ದೊಡ್ಡ ಆಸ್ಪತ್ರೆಗೇ ಒಯ್ಯಬೇಕು, ಬಾಗಿಲಲ್ಲೇ ನಮ್ಮನ್ನು ತಡೆಯುತ್ತಾರೆ, ಆಕೆಗೆ ಕನ್ನಡ ಬಿಟ್ಟರೆ ಒಂದು ಮಾತೂ ಬರುವುದಿಲ್ಲ. ಚಿಕ್ಕವ್ವ ಹೋದಳು, ಇವಳನ್ನು ಬಿಡುವುದಿಲ್ಲ ಎಂದು ನಾನೂ ಹಲ್ಲು ಕಚ್ಚಿದೆ. ಹಟ ನನಗೂ ಆಕೆಯಿಂದಲೇ ಬಂದದ್ದು.

ಎಲ್ಲ ಮಾಡಿ ನೋಡಿದೆವು. ಗಂಡ ಬೆಂಗಳೂರಿನವನು, ಮೆತ್ತಗೆ ಮಾತಾಡುವವನು. ಹಿತ್ತಿಲ ಕುಂಡದಲ್ಲಿ ಚಿಕ್ಕಮ್ಮನ ಹೆಸರು ಹೇಳಿ ಮಣ್ಣು ಹಾಕಿಬಿಡಿ, ಭಾವ ಮುಖ್ಯ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದ. ಕುಂಡಕ್ಕೆ ಹಾಕಿದ ಮಣ್ಣು ಮೆಂತ್ಯಕ್ಕೆ ಹೋಗುತ್ತದೆಯೇ ಹೊರತು ತನ್ನ ತಂಗಿಗಲ್ಲ ಎಂದು ಅವ್ವ ಅವನ ಬಾಯಿ ಮುಚ್ಚಿಸಿದಳು. ಪಕ್ಕದ ಲೂಕನ್ ಊರಿನಲ್ಲಿರುವ ಗೆಳತಿಯೊಬ್ಬಳು ಆನ್‌ಲೈನ್‌ನಲ್ಲಿ ಶಾಂತಿ ಮಾಡಿಸುವವರ ನಂಬರು ಕಳಿಸಿದಳು. ಫೋನಿನೊಳಗೆ ಮಣ್ಣು ಹೇಗೆ ಹಾಕುವುದು ಎಂದು ಅವ್ವ ಕೇಳಿದಳು.

ಒಂದು ಸಂಜೆ ನನಗೆ ತಡೆಯಲಾಗಲಿಲ್ಲ. ಅವ್ವ ಕಿಟಕಿಯ ಪಕ್ಕ ಕೂತು, ಭೂಮಿ ಹುಟ್ಟಿದಾಗಿನಿಂದ ತನ್ನ ತಂಗಿಯಂತೆ ಯಾರೂ ಅನಾಥವಾಗಿ ಮಣ್ಣಾಗಿಲ್ಲ ಎಂದು ಅದನ್ನೇ ಅನ್ನುತ್ತಿದ್ದಳು. ನನಗೆ ರೇಗಿತು. ನೀನು ಕಾಲಿಟ್ಟಿರುವ ಈ ಊರೇ ಅಂಥವರ ಊರು ಎಂದುಬಿಟ್ಟೆ. ಅಡುಗೆಮನೆಯಲ್ಲಿ ಗಂಡ ಹಣೆ ಚಚ್ಚಿಕೊಂಡದ್ದು ಕಾಣಿಸಿತು. ಶುರು ಮಾಡಿದ ಮೇಲೆ ನಾನು ನಿಲ್ಲಿಸಲಿಲ್ಲ. ಜಲಪ್ರಳಯ ಇಳಿದ ಮೇಲೆ ಈ ನಡುಗಡ್ಡೆಗೆ ಹಡಗಿನಲ್ಲಿ ಬಂದ ಮೊದಲ ಜನ, ಅವರು ಕಾಡು ಕಡಿದು ಹೊಲ ಮಾಡಿದ್ದು, ಆಮೇಲೆ ಒಂದು ಪಿಡುಗು ಬಂದು ಸಾವಿರಾರು ಜನ ಒಂದೇ ವಾರದಲ್ಲಿ ಸತ್ತದ್ದು, ಅವರೆಲ್ಲ ಇಲ್ಲಿಯೇ ಮಣ್ಣಾದದ್ದು, ಇಲ್ಲಿನವರು ತಲೆತಲಾಂತರದಿಂದ ಹೇಳಿಕೊಂಡು ಬಂದ ಈ ಕಥೆಯನ್ನೆಲ್ಲ ಹೇಳಿದೆ. ಅವ್ವ ಹೆದರಲಿಲ್ಲ. ಪೂರ್ತಿ ಕೇಳಿ, ನನ್ನ ಪ್ರೊಫೆಸರರು ಎಂದೂ ಕೇಳದ ಒಂದು ಪ್ರಶ್ನೆ ಕೇಳಿದಳು.

“ಎಲ್ಲಾರೂ ಸತ್ತರ, ಮಣ್ಣು ಹಾಕಿದಾವ್ರು ಯಾರು?”

ಕಥೆಯಲ್ಲಿ ಒಬ್ಬ ಉಳಿಯುತ್ತಾನೆ. ಅವನು ಜಿಂಕೆಯಾಗಿ, ಹಂದಿಯಾಗಿ, ಹದ್ದಾಗಿ, ಮೀನಾಗಿ ಯುಗಯುಗ ಬದುಕಿ ಈ ವೃತ್ತಾಂತ ಹೇಳಿದನಂತೆ. ಒಬ್ಬನ ಎರಡು ಕೈಯಿಂದ ಅಷ್ಟು ಮಂದಿಗೆ ಮಣ್ಣು ಹಾಕಲು ಆಗುತ್ತದೆಯೇ, ಕಥೆ ಕಟ್ಟಿದವನಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ಅವ್ವ ತಳ್ಳಿಹಾಕಿದಳು.

ಆಗ ನಾನು ನನ್ನ ಕಸುಬಿನ ಮಾತಿಗೆ ಬಂದೆ. ನಮ್ಮ ಕಸುಬಿನಲ್ಲಿ ಎರಡು ಬಗೆಯ ಜನರಿದ್ದಾರೆ. ಕೆಲವರು ಕಥೆಯನ್ನು ಕಸದ ಬುಟ್ಟಿಗೆ ಹಾಕುತ್ತಾರೆ, ಕೆಲವರು ಕಥೆಯನ್ನೇ ಸಾಕ್ಷಿ ಎಂದು ಹಿಡಿದು ಕುಣಿಯುತ್ತಾರೆ. ಇಬ್ಬರನ್ನೂ ಕಂಡರೆ ನನಗೆ ಆಗುವುದಿಲ್ಲ. ನಮ್ಮ ಮನೆಯ ಮಹಡಿಯಿಂದ ಕಾಣುವ ಗುಡ್ಡದ ಮೇಲೆ ಹಾಳುಬಿದ್ದ ಒಂದು ಬೇಟೆಮನೆ ಇದೆ. ಹಿಂದೆ ಒಬ್ಬ ಸಾಹುಕಾರ ಅಲ್ಲಿದ್ದ ಕಲ್ಲುಗುಡ್ಡೆಯನ್ನು ಕಿತ್ತು ಅದನ್ನು ಕಟ್ಟಿಸಿದ. ಕಟ್ಟಿದ ಸ್ವಲ್ಪ ದಿನಕ್ಕೇ ಬಿರುಗಾಳಿಗೆ ಚಾವಣಿ ಹಾರಿಹೋಯಿತು. ಸತ್ತವರ ಕಲ್ಲು ಮುಟ್ಟಿದ್ದಕ್ಕೆ ಸೈತಾನ ಹಾರಿಸಿದ ಎಂದು ಜನ ಹೇಳುತ್ತ ಬಂದರು. ಓದಿದವರು ನಕ್ಕರು. ಈಚೆಗೆ ಅಗೆದು ನೋಡಿದಾಗ ಆ ಮನೆಯ ಹಿಂದೆ ಐದು ಸಾವಿರ ವರ್ಷ ಹಳೆಯ ಗೋರಿಯ ಬುಡ ಸಿಕ್ಕಿತು. ಸೈತಾನ ಇದ್ದನೋ ಇಲ್ಲವೋ, ಅಲ್ಲಿ ಸತ್ತವರು ಇದ್ದದ್ದು ನಿಜ. ಕಲ್ಲು ಹೋದ ಮೇಲೂ ಆ ನೆನಪನ್ನು ಇಟ್ಟುಕೊಂಡಿದ್ದು ಕಥೆ.

ಟಾಲಾದ ಸುತ್ತಲೂ ಹಾಗೆಯೇ. ಕಥೆ ಹೇಳಿದಂತೆ ಈ ನೆಲದಲ್ಲಿ ಹಳೆಯ ಗೋರಿಗಳು ಸಿಗುತ್ತಲೇ ಇರುತ್ತವೆ. ಆದರೆ ಒಂದೇ ವಾರದಲ್ಲಿ ಎಲ್ಲರನ್ನೂ ಒಟ್ಟಿಗೆ ಹೂತ ಗುಂಡಿಗಳಲ್ಲ. ನೂರಾರು ವರ್ಷಗಳ ಅಂತರದಲ್ಲಿ, ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನ ಪೆಟ್ಟಿಗೆ ಮಾಡಿ, ಪಕ್ಕದಲ್ಲಿ ಗಡಿಗೆ ಇಟ್ಟು, ಮೇಲೆ ಚಪ್ಪಡಿ ಮುಚ್ಚಿದ್ದಾರೆ. ಪಿಡುಗು ಬಂದಿರಬಹುದು, ಹಸಿವು ಬಂದಿರಬಹುದು. ಆದರೂ ಒಬ್ಬೊಬ್ಬರ ಮೇಲೂ ಕಲ್ಲೆಳೆದು ಮಣ್ಣು ಹಾಕಲು ಯಾರೋ ಒಬ್ಬರು ಹಿಂದೆ ಉಳಿದಿದ್ದರು. ಕಥೆ ಎಲ್ಲರೂ ಸತ್ತರು ಎನ್ನುತ್ತದೆ, ನೆಲ ಇಲ್ಲ ಎನ್ನುತ್ತದೆ. ಇದನ್ನು ಅವ್ವನಿಗೆ ಹೇಳುತ್ತಿರುವಾಗಲೇ ನನಗೆ ಇಷ್ಟು ಸ್ಪಷ್ಟವಾಗಿ ತಿಳಿದದ್ದು.

ಹಾಗೆಯೇ ಮಾತು ನಾನು ಆಗ ಕೆಲಸ ಮಾಡುತ್ತಿದ್ದ ಹೊಲಕ್ಕೆ ಬಂತು. ಗುಡ್ಡದ ಬುಡದಲ್ಲಿ ನೀರಿನ ಪೈಪು ಹಾಯಬೇಕಿದ್ದ ಹೊಲ. ಅದರ ಒಂದು ಮೂಲೆಯಲ್ಲಿ ಹಳಬರು ಯಾರೂ ನೇಗಿಲು ಹಾಕಿರಲಿಲ್ಲ. ಅಲ್ಲಿ ಹಿಂದಿನವರು ಇದ್ದಾರೆ, ಕೆದಕಬಾರದು ಎಂದು ನಂಬಿದ್ದರು. ಮೇಲಿನ ಮಣ್ಣು ಸರಿಸಿದಾಗ ಅಲ್ಲಿಯೇ ನಮಗೆ ಒಂದು ಕಲ್ಲಿನ ಪೆಟ್ಟಿಗೆ ಸಿಕ್ಕಿತ್ತು. ಮುಚ್ಚಳದ ಬಿರುಕಿನಲ್ಲಿ ಸಣ್ಣ ಕ್ಯಾಮೆರಾ ಇಳಿಸಿ ನೋಡಿದೆವು. ಒಂದು ಮನುಷ್ಯಜೀವಿ ಮೊಣಕಾಲು ಮಡಚಿ ಎದೆಗೆ ತಂದುಕೊಂಡು ಮಲಗಿತ್ತು, ಮುಖದ ಹತ್ತಿರ ಒಂದು ಗಡಿಗೆ. ಮುಚ್ಚಳ ಎತ್ತುವುದು ಬೇಡ, ಪೈಪನ್ನೇ ಆಚೆ ಸರಿಸೋಣ ಎಂದು ತೀರ್ಮಾನವಾಗಿತ್ತು. ಆ ವಾರ ನಾವು ಅದನ್ನು ಮತ್ತೆ ಮುಚ್ಚಬೇಕಿತ್ತು.

ಕಾಲು ಮಡಚಿದ್ದಾರೆ ಎಂದ ಕೂಡಲೇ ಅವ್ವನ ಕಿವಿ ನೆಟ್ಟಗಾಯಿತು. ಅಂದರೆ ಅವರೂ ಕೂಡಿಸಿದ್ದಾರೆ ಎಂದಳು. ಕೂಡಿಸಿದ್ದಲ್ಲ, ಮಗ್ಗುಲಾಗಿ ಮಲಗಿಸಿದ್ದು ಎಂದು ತಿದ್ದಿದೆ. ಅಷ್ಟು ವರ್ಷ ಕೂತರೆ ಯಾರಾದರೂ ಮಗ್ಗುಲಾಗುತ್ತಾರೆ ಎಂದು ಆಕೆ ನನ್ನನ್ನೇ ತಿದ್ದಿದಳು. ಹೆಣ್ಣೋ ಗಂಡೋ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಮುಚ್ಚುವವರು ಯಾರು, ಆ ಮನೆಯವರು ಬರುತ್ತಾರೆಯೇ ಎಂದಳು. ನಾಲ್ಕು ಸಾವಿರ ವರ್ಷದ ಹಿಂದಿನವರ ಮನೆಯವರನ್ನು ಎಲ್ಲಿಂದ ತರಲಿ, ನಾವೇ ಮುಚ್ಚುತ್ತೇವೆ ಎಂದೆ.

“ಹಂಗಾದರ ನಾ ಬರತೀನಿ ಮಣ್ಣಿಗೆ,” ಎಂದಳು ಅವ್ವ.

ನಾನು ಮೊದಲು ಆಗುವುದಿಲ್ಲ ಎಂದೆ. ಅದು ಕೆಲಸದ ಜಾಗ, ಹೆಲ್ಮೆಟ್ಟು ಬೂಟು ಬೇಕು, ಕೋವಿಡ್ ಎಂದು ಹೊರಗಿನವರನ್ನು ಬಿಡುವುದೇ ಇಲ್ಲ. ಅಲ್ಲದೆ ಉತ್ಖನನದ ಜಾಗಕ್ಕೆ ಒಂದು ಹೂವಿನ ಎಸಳನ್ನೂ ಹೊರಗಿನಿಂದ ತರಬಾರದು ಎಂದು ಕಲಿತವಳು ನಾನು. ಅವ್ವ ವಾದ ಮಾಡಲಿಲ್ಲ, ಬಾಳೆಹಣ್ಣಿನ ಸಿಪ್ಪೆ ಸುಲಿಯುತ್ತ ಕೂತಳು. ಆ ಸಿಪ್ಪೆಯನ್ನು ನೋಡಿದೆ, ಅವತ್ತೂ ಆಕೆಯ ಊಟ ಅದೊಂದೇ. ಮಾರನೆಯ ದಿನ ನಮ್ಮ ಉತ್ಖನನ ನಡೆಸುವ ಮೇಡಮ್ ಎದುರು ನಿಂತೆ.

ಅವರು ಐರ್ಲೆಂಡಿನ ಪಶ್ಚಿಮದ ಹಳ್ಳಿಯವರು, ನಿಯಮ ಎಂದರೆ ನಿಯಮ ಅನ್ನುವ ಹೆಂಗಸು. ಆಗುವುದಿಲ್ಲ, ಇನ್ಶೂರೆನ್ಸ್ ಇಲ್ಲ ಎಂದರು. ನಾನು ಕದಲಲಿಲ್ಲ. ಮಣ್ಣಿಗೆ ಹೋಗುವುದು ಎಂದರೇನು, ನನ್ನ ತಾಯಿ ಯಾಕೆ ಊಟ ಬಿಟ್ಟಿದ್ದಾಳೆ, ಎಲ್ಲವನ್ನೂ ನನ್ನ ಒರಟು ಇಂಗ್ಲಿಷಿನಲ್ಲಿ ಹೇಳಿದೆ. ಹೇಳುತ್ತ ಅಳು ಬಂತು, ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಅವರು ಮಾಸ್ಕ್ ಸರಿಮಾಡಿಕೊಂಡು ಗುಡ್ಡದ ಕಡೆ ನೋಡಿದರು. ಹಿಂದಿನ ವರ್ಷ ಅವರ ತಂದೆ ತೀರಿಕೊಂಡಾಗ ಚರ್ಚಿಗೆ ಹತ್ತೇ ಜನರನ್ನು ಬಿಟ್ಟಿದ್ದರಂತೆ. ಅವರ ಊರಿನಲ್ಲಿ ಅಕ್ಕಪಕ್ಕದವರೇ ಗುಂಡಿ ತೋಡಿ, ಅವರೇ ಸಲಿಕೆ ಹಿಡಿದು ಮುಚ್ಚುವ ಪದ್ಧತಿ. ಅದಕ್ಕೂ ಅವಕಾಶವಿಲ್ಲದೆ ಇಡೀ ಊರು ರಸ್ತೆಯ ಎರಡೂ ಬದಿಗೆ ದೂರದೂರ ನಿಂತು ಗಾಡಿ ಹೋಗುವುದನ್ನು ನೋಡಿತಂತೆ. ಆಮೇಲೆ ಅವರು, ನಿನ್ನ ತಾಯಿಯ ಶೂ ಅಳತೆ ಎಷ್ಟು ಎಂದು ಕೇಳಿದರು.

ಶುಕ್ರವಾರ ಅವ್ವನನ್ನು ಕರೆದುಕೊಂಡು ಹೋದೆ. ಇಳಕಲ್ ಸೀರೆ, ಮೇಲೆ ಹೊಳೆಯುವ ಹಳದಿ ಜಾಕೆಟ್ಟು, ತಲೆಯ ಮೇಲೆ ಹೆಲ್ಮೆಟ್ಟು, ಕಾಲಿಗೆ ಮೇಡಮ್ ತಂದುಕೊಟ್ಟ ಬೂಟು. ಬೇರೆ ದಿನವಾಗಿದ್ದರೆ ನಾನು ಫೋಟೋ ತೆಗೆದು ಊರಿಗೆಲ್ಲ ಕಳಿಸುತ್ತಿದ್ದೆ. ಕಾರಿನಿಂದ ಇಳಿಯುವ ಮೊದಲು ಸೆರಗಿನ ಗಂಟು ಬಿಚ್ಚಿಸಿ ನೋಡಿದೆ. ಅನುಮಾನಪಟ್ಟದ್ದು ಸರಿಯಾಗಿತ್ತು, ವಿಭೂತಿ ಗಟ್ಟಿ ಇತ್ತು. ಅದು ಒಳಗೆ ಬೀಳುವಂತಿಲ್ಲ ಎಂದೆ. ಆಕೆ ನನ್ನನ್ನು ದುರುಗುಟ್ಟಿ ನೋಡಿ, ಅಲ್ಲಿಯೇ ತನ್ನ ಹಣೆಗೆ ಬಳಿದುಕೊಂಡು, ಗಟ್ಟಿಯನ್ನು ಕಾರಿನಲ್ಲಿಟ್ಟಳು.

ನಮ್ಮ ತಂಡದವರು ಅಷ್ಟರಲ್ಲಿ ಚಪ್ಪಡಿಯ ಮೇಲೆ ಬಿಳಿಯ ಬಟ್ಟೆ ಹಾಸಿದ್ದರು. ಅದು ಕಾರ್ಖಾನೆಯಲ್ಲಿ ಮಾಡಿದ ದಪ್ಪ ಬಟ್ಟೆ. ಮುಂದೆ ಯಾವತ್ತಾದರೂ ಯಾರಾದರೂ ಅಗೆದರೆ, ಇಲ್ಲಿಯತನಕ ಹಿಂದೊಮ್ಮೆ ಅಗೆದಿದ್ದಾರೆ ಎಂದು ಗೊತ್ತಾಗಲಿ ಎಂದು ಹಾಸುತ್ತೇವೆ. ಅವ್ವನಿಗೆ ಈ ವಿವರ ಬೇಕಿರಲಿಲ್ಲ. ಹೊಸ ಬಟ್ಟೆ ಹೊದಿಸಿದ್ದೀರಿ, ಒಳ್ಳೆಯದಾಯಿತು ಎಂದಳು. ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ಯಾವ ಕಡೆ ಇದೆ ಎಂದು ಕೇಳಿ ತಿಳಿದುಕೊಂಡಳು. ನಾವು ಅಲ್ಲಿಂದಲೇ ತೆಗೆದು ಜರಡಿ ಹಿಡಿದಿಟ್ಟ ಮಣ್ಣಿನ ಗುಡ್ಡೆಗೆ ಕೈ ಹಾಕಿದಳು.

“ನಿಮ್ಮಾವ್ರು ಯಾರೂ ಇಲ್ಲ ಅನಬ್ಯಾಡ. ನಾ ಬಂದೀನಿ,” ಎಂದಳು, ಮನೆಯ ಮಾತಿನ ದನಿಯಲ್ಲಿ.

ಮೂರು ಹಿಡಿ ಹಾಕಿದಳು. ಮೂರನೆಯದನ್ನು ಹಾಕುವಾಗ ಆಕೆಯ ಬಾಯಿಂದ ತಂಗಿಯನ್ನು ಕರೆಯುವ ಮನೆಯ ಹೆಸರು ಬಂತು, ಅದರ ಹಿಂದೆ ಅಷ್ಟು ದಿನ ತಡೆದಿಟ್ಟ ಅಳುವೂ ಬಂತು. ನಾನೂ ಮೊಣಕಾಲೂರಿ ಹಾಕಿದೆ. ಮೇಡಮ್ ಗ್ಲೌಸ್ ಕಳಚಿ ಒಂದು ಹಿಡಿ ಹಾಕಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅವರು ಚರ್ಚಿಗೆ ಹೋಗುವುದು ಬಿಟ್ಟು ಬಹಳ ವರ್ಷವಾಗಿದೆ ಎಂದು ನಮಗೆಲ್ಲ ಗೊತ್ತಿತ್ತು. ಆಮೇಲೆ ಉಳಿದವರು ಸಲಿಕೆ ಹಿಡಿದರು, ಮಧ್ಯಾಹ್ನದ ಹೊತ್ತಿಗೆ ಹೊಲ ಸಮವಾಯಿತು.

ಅವ್ವ ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಳು. ಗಂಡ ಅನ್ನ, ಬೇಳೆಸಾರು ಮಾಡಿಟ್ಟಿದ್ದ. ತಟ್ಟೆಯ ಮುಂದೆ ಕೂತವಳು, ತಡಿ, ಮೊದಲು ಫೋನ್ ಹಚ್ಚಿಕೊಡು ಎಂದಳು. ಚಿಕ್ಕವ್ವನ ಮಗಳು ಎತ್ತಿದಳು. ಅವಳ ಜ್ವರ ಇಳಿದಿತ್ತು. ಅವ್ವ ಅದನ್ನು ಕೇಳಿ ತಿಳಿದುಕೊಂಡು, ಆ ಬಿಳಿ ಸೂಟಿನ ಹುಡುಗರು ಯಾವ ಓಣಿಯವರು ಎಂದು ಕೇಳಿದಳು. ಅವಳಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೋ, ನೀನು ಎದ್ದು ಓಡಾಡುವಂತಾದ ಮೇಲೆ ಅವರನ್ನು ಮನೆಗೆ ಕರೆದು ಹೋಳಿಗೆ ಊಟ ಹಾಕು ಎಂದಳು. ಅವರನ್ನು ಬೈದವಳು ನೀನೇ ಅಲ್ಲವೇ ದೊಡ್ಡವ್ವ, ಯಾರೋ ಎತ್ತವರೋ, ಅವರನ್ನು ಎಲ್ಲಿ ಹುಡುಕಲಿ ಎಂದು ಅವಳು ರಾಗ ಎಳೆದಳು.

“ಬೈದೀನಿ, ಹೌದು. ಇವತ್ತು ನಾನೂ ಯಾರೋ ಎತ್ತವರೋ, ಅಂಥಾವ್ರಿಗೆ ಮಣ್ಣು ಹಾಕಿ ಬಂದೀನಿ,” ಎಂದಳು ಅವ್ವ. “ನಮ್ಮ ತಂಗೀನ ಕಡೀಗೆ ಮುಟ್ಟಿದಾವ್ರು ಅವರ, ಯವ್ವಾ. ನಾನಲ್ಲ, ನೀನಲ್ಲ. ಹುಡುಕು.”

ಫೋನನ್ನು ನನ್ನ ಕೈಗೆ ಕೊಟ್ಟು, ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅನ್ನಕ್ಕೆ ಸಾರು ಕಲಸಿ ಮೊದಲ ತುತ್ತು ಬಾಯಿಗಿಟ್ಟಳು.